ಬರದೇ ಇರಬೇಡ

ಜೂನ್ ೨೨

ಶೇಷಾ,

ಫೋನ್ ಮಾಡಿದರೆ ಅದು ಬಡಿದುಕೊಂಡು ಬಡಿದುಕೊಂಡು ತಾನಾಗಿಯೇ ದಣಿದು ಸುಮ್ಮನಾಗುತ್ತದೆ. ಮೆಸೇಜು ಹಾಕಿದರೆ ಎರಡು ನೀಲಿ ಗೀಟು ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಲೆಕ್ಕದ ಟೀಚರೊಬ್ಬಳು ಗೀಟು ಎಳೆದು ಉತ್ತರ ಬರೆಯದೆ ಬಿಟ್ಟದ್ದನ್ನು ನಾನು ಇದೇ ಮೊದಲು ನೋಡಿದ್ದು. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಕೈಗೆ ತೆಗೆದುಕೊಳ್ಳಲೇಬೇಕಲ್ಲ.

ನಿನ್ನ ರಜೆಯ ಅರ್ಜಿ ಗುಮಾಸ್ತರ ಕೈಯಿಂದ ನನ್ನ ಮೇಜಿಗೆ ಬಂತು. ‘ಮಾನ್ಯರೇ’ ಎಂದು ಶುರು. ‘ನನ್ನ ಅತ್ತಿಗೆಯವರ ಕಾಲು ಮುರಿದಿರುವುದರಿಂದ ಆಗಸ್ಟ್ ಕೊನೆಯವರೆಗೆ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’ ಇಷ್ಟು ವರ್ಷ ಸ್ಟಾಫ್‌ರೂಮಿನ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು, ಒಂದೇ ಕೆಂಪು ಪೆನ್ನಿನಲ್ಲಿ ಸರದಿಯ ಮೇಲೆ ಪೇಪರು ತಿದ್ದಿದವರು ನಾವು. ನಾನು ಯಾವಾಗಿನಿಂದ ‘ಮಾನ್ಯರು’ ಆದೆ? ಮಂಜೂರೇನೋ ಮಾಡಿದ್ದೇನೆ. ಆದರೆ ಅತ್ತಿಗೆಯ ಕಾಲು ನಿಜವಾಗಿ ಮುರಿದಿದೆಯೋ, ಅರ್ಜಿಯಲ್ಲಿ ಮಾತ್ರ ಮುರಿದಿದೆಯೋ ಎಂಬ ಅನುಮಾನ ಸಹಿ ಹಾಕುವಾಗಲೂ ಇತ್ತು, ಈಗಲೂ ಇದೆ.

ನಾನು ಹೆಡ್ ಆದ ಮೊದಲ ದಿನದ ಮೀಟಿಂಗು ನಿನಗೆ ನೆನಪಿದೆ. ಶಿಕ್ಷಕರಿಗೆ ಬೆಂಬಲ, ಭರವಸೆ, ಅದು ಇದು ಎಂದು ಚಂದದ ಭಾಷಣ ಬರೆದುಕೊಂಡು ಬಂದಿದ್ದೆ. ನಿಮ್ಮೆಲ್ಲರ ಮುಖ ಕಂಡದ್ದೇ ಕಾಗದ ಮಡಿಚಿಟ್ಟು ಮನಸ್ಸಿನಿಂದ ಬಂದದ್ದನ್ನು ಹೇಳಿದೆ: “ನೀವ್ಯಾರೂ ಯೋಚನೆ ಮಾಡ್ಬೇಡಿ. ಇನ್ಮೇಲೆ ನಿಮ್ಮನ್ನೆಲ್ಲ ನಾನು ನೋಡ್ಕೋತೀನಿ.” ತಾಯಿ ಕೂಸಿಗೆ ಹೇಳುವ ‘ನೋಡ್ಕೋತೀನಿ’ ಕಣೇ ಅದು! ನಿಮಗೆಲ್ಲ ಕೇಳಿಸಿದ್ದು ಬೀದಿ ಜಗಳದಲ್ಲಿ ತೋಳು ಮಡಿಚಿ ಹೇಳುವ ‘ನೋಡ್ಕೋತೀನಿ’. ನಮ್ಮ ಡ್ರಿಲ್ ಮೇಷ್ಟ್ರು ಸೀಟಿ ಇದ್ದಾರಲ್ಲ, ಕೊರಳಿನ ಸೀಟಿಗಿಂತ ಬಾಯಿಯ ಸೀಟಿಯನ್ನೇ ಹೆಚ್ಚು ಊದುವವರು, ಅವರು ಆವತ್ತೇ ಕಾರಿಡಾರಿನಲ್ಲಿ “ಮೇಡಂ ನೋಡ್ಕೋತಾರಂತೆ, ಎಲ್ಲಾ ಹುಷಾರು” ಎಂದು ಊದಿದ್ದು ನನ್ನ ಕಿವಿಗೂ ಬಿತ್ತು. ಒಂದು ಮಾತಿಗೆ ಎರಡರ್ಥ ಹಚ್ಚುತ್ತೇನೆಂದು ನನಗೆ ‘ಶ್ಲೇಷೆ’ ಎಂದೂ, ಭಾಗಾಕಾರದ ಕೊನೆಗೆ ಉಳಿದ ಚೂರನ್ನೂ ಬಿಡುವುದಿಲ್ಲವೆಂದು ನಿನಗೆ ‘ಶೇಷ’ ಎಂದೂ ಹೆಸರಿಟ್ಟ ಸ್ಟಾಫ್‌ರೂಮು ಅದು. ನನ್ನ ಕಸುಬೇ ನನಗೆ ಕೈಕೊಟ್ಟಿತು.

ಇನ್ನು ಏಳನೇ ತರಗತಿಯ ವಿಷಯ. ಮೇಲ್ವಿಚಾರಣೆ ಹೆಡ್‌ನ ಕೆಲಸ. ಎಲ್ಲರ ತರಗತಿಯಲ್ಲೂ ಹಿಂದೊಂದು ಕುರ್ಚಿ ಹಾಕಿಸಿಕೊಂಡು ಕೂತೆ, ನಿನ್ನದರಲ್ಲೂ ಕೂತೆ. ನೀನು ಏಳರಿಂದ ಮೈನಸ್ ಮೂರನ್ನು ಕಳೆದು ನಾಲ್ಕು ಎಂದು ಬರೆದೆ. “ಹತ್ತಲ್ವಾ?” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಕ್ಕಳು ನಕ್ಕರು. ಅಷ್ಟೇ ತಾನೇ ಆದದ್ದು?

ರಜೆ ಮುಗಿದ ಕೂಡಲೇ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಈ ಒಂದು ವಾಕ್ಯ ಕಚೇರಿಯದು, ಗುಮಾಸ್ತರು ಸೇರಿಸಲು ಹೇಳಿದರು. ಉಳಿದದ್ದು ನನ್ನದು.

ಅದೇ ಹಳೆಯ
ಶ್ಲೇಷೆ


ಜೂನ್ ೩೦

ಮಾನ್ಯರೇ,

ತಮ್ಮ ಕಾಗದ ತಲುಪಿತು. ತಲುಪಿದ್ದಕ್ಕೆ ಸಹಿ ಬೇಕಿದ್ದರೆ ತಿಳಿಸುವುದು.

ಫೋನ್ ಎತ್ತದಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನೀನು ಒಂದು ತಮಾಷೆ ಹೇಳುತ್ತೀ, ನಾನು ನಕ್ಕುಬಿಡುತ್ತೇನೆ, ಅಲ್ಲಿಗೆ ನನ್ನ ಸಿಟ್ಟಿನ ಕಥೆ ಮುಗಿಯಿತು. ಕಾಗದದಲ್ಲಾದರೆ ಪ್ರತಿ ಸಾಲನ್ನೂ ಎರಡೆರಡು ಸಲ ಅನುಮಾನಿಸಬಹುದು. ಅನುಮಾನಿಸಿದೆ. ‘ಅಷ್ಟೇ ತಾನೇ ಆದದ್ದು’ ಎಂಬ ಸಾಲಿನ ಹತ್ತಿರ ಸುಮಾರು ಹೊತ್ತು ನಿಂತೆ.

ಅಷ್ಟೇ ಅಲ್ಲ ಆದದ್ದು. ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನನ್ನ ಬೆನ್ನ ಹಿಂದೆ ನಿನ್ನ ಪೆನ್ನಿನ ಸದ್ದು. ಪರ್ ಪರ್ ಅಂತ. ಸೀಮೆಸುಣ್ಣಕ್ಕೂ ನಿನ್ನ ಪೆನ್ನಿಗೂ ಜುಗಲಬಂದಿ. ನಾನು ಬರೆದರೆ ನೀನು ಬರೆಯುತ್ತೀ, ನಾನು ನಿಂತರೆ ನೀನು ನಿಲ್ಲುತ್ತೀ. ಏನು ಬರೆಯುತ್ತಿದ್ದಾಳೆ ಇವಳು? ನನ್ನ ಅಕ್ಷರ ಡೊಂಕು ಅಂತಲೇ? ಧ್ವನಿ ಸಣ್ಣದು ಅಂತಲೇ? ನಿದ್ದೆಗಣ್ಣಲ್ಲೂ ತಪ್ಪದ ಲೆಕ್ಕ ಆ ಸದ್ದಿಗೆ ತಪ್ಪಿತು. ಆಮೇಲೆ ನೀನು ‘ಹತ್ತು’ ಅಂದೆ. ಅದರಲ್ಲೂ ನಿನಗೆ ಎರಡರ್ಥ ಬಂತು ನೋಡು. ಏಣಿಯನ್ನು ನೀನೇ ಹತ್ತಿದೆ. ಹಿಂದಿನ ಬೆಂಚಿನ ಒಬ್ಬಳು “ಭಾಷೆ ಮಿಸ್‌ಗೇ ಲೆಕ್ಕ ಚೆನ್ನಾಗಿ ಬರುತ್ತೆ ಕಣೋ” ಎಂದಳು. ನಿನಗೆ ಕೇಳಿಸಿತು. ನೀನು ನಕ್ಕೆ. ನಾನು ನೋಡಿದೆ.

ಮೇಲ್ವಿಚಾರಣೆಯಂತೆ! ‘ಮೇಲು’ ಎಂಬುದನ್ನು ನೀನೇ ಇಟ್ಟುಕೊಂಡೆ, ‘ವಿಚಾರಣೆ’ಯನ್ನು ನಮಗೆ ಕೊಟ್ಟೆ.

ಅತ್ತಿಗೆಯ ಕಾಲಿನ ಬಗ್ಗೆ: ಮೊಣಕಾಲಿನಿಂದ ಪಾದದವರೆಗೆ ಪ್ಲಾಸ್ಟರು. ಬಂದು ಬೇಕಿದ್ದರೆ ಬೆರಳಿನಿಂದ ತಟ್ಟಿ ನೋಡು. ಅಣ್ಣನ ಮನೆ ಪಂಕ್ಚರ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಗಾಳಿ ತುಂಬುವ ಮೆಷಿನ್ನು ಗುರ್ರೆಂದಾಗಲೆಲ್ಲ ನೆಲ ನಡುಗುತ್ತದೆ, ಅತ್ತಿಗೆ ಅಯ್ಯೋ ಅನ್ನುತ್ತಾರೆ. ನಿನ್ನ ಕಾಗದ ಬಂದಾಗ, “ಯಾರೇ ಅದು ಇಷ್ಟುದ್ದ ಬರೆಯೋದು? ಗಂಡಸಾ?” ಎಂದು ಕೇಳಿದರು. ಇಲ್ಲ, ಹೆಡ್ಡು ಅಂದೆ. “ಹೆಡ್ಡರೆಲ್ಲ ಗಂಡಸರೇ ಅಲ್ವಾ?” ಎಂದರು. ಅಣ್ಣ ಅಲ್ಲೇ ಪೇಪರು ಓದುತ್ತಿದ್ದ, ಕೇಳಿಸದವನ ಹಾಗೆ ಪುಟ ತಿರುವಿದ.

ಇಂತಿ ತಮ್ಮ ಅಧೀನ ಸಿಬ್ಬಂದಿ,
ಭಾಗಿಸಿ ಮುಗಿಸಿದ ಮೇಲೆ ಉಳಿದವಳು


ಜುಲೈ ೯

ಶೇಷಾ,

ಅತ್ತಿಗೆಯ ಮಾತಿಗೆ ಹೆಡ್‌ನ ಕೋಣೆಯಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಗಾಜಿನ ಬಾಗಿಲಿನ ಆಚೆ ಹೋಗುತ್ತಿದ್ದ ಡ್ರಾಯಿಂಗ್ ಟೀಚರು ಬೆಚ್ಚಿ ನಿಂತು, ತಮ್ಮ ಮೇಲೆಯೇ ನಕ್ಕೆನೆಂದುಕೊಂಡು ಮುಖ ಕಪ್ಪಿಟ್ಟುಕೊಂಡು ಹೋದರು. ಇಲ್ಲಿ ನಾನು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ.

ಸ್ಟಾಫ್‌ರೂಮಿಗೆ ನಾನು ಕಾಲಿಟ್ಟರೆ ಏನಾಗುತ್ತದೆ ಗೊತ್ತೇ? ಮಾತು ನಿಲ್ಲುತ್ತದೆ. ಎಲ್ಲರೂ ಒಮ್ಮೆಗೇ ಭಯಂಕರ ಓದುಗರಾಗುತ್ತಾರೆ. ಮೊನ್ನೆ ವಿಜ್ಞಾನದವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದರು. “ಸರ್, ಯಾವ ಪಾಠ?” ಎಂದೆ. “ಬೆಳಕಿನ ಪ್ರತಿಬಿಂಬ ಮೇಡಂ, ತಲೆಕೆಳಗೇ ಇರುತ್ತೆ” ಎಂದರು. ನಗಬೇಕಿತ್ತು. ಯಾರೂ ನಗಲಿಲ್ಲ, ನನ್ನ ಅಪ್ಪಣೆಗೆ ಕಾಯುತ್ತಿದ್ದವರ ಹಾಗೆ ನನ್ನ ಮುಖ ನೋಡಿದರು. ನಾನು ಟೀ ಲೋಟ ಎತ್ತಿಕೊಂಡು ಹೊರಗೆ ಬಂದೆ. ನನ್ನ ಬೆನ್ನ ಹಿಂದೆ ನಗು ಶುರುವಾಯಿತು. ಬೆನ್ನ ಹಿಂದಿನ ಸದ್ದು ಹೇಗಿರುತ್ತದೆಂದು ನೀನು ಬರೆದಿದ್ದೀಯಲ್ಲ, ನನಗೂ ಒಂದು ಕಂತು ಸಿಕ್ಕಿತು.

ಪೆನ್ನಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಸತ್ಯವಾಗಿ.

ನೀನಿಲ್ಲದ ಏಳನೇ ತರಗತಿಗೆ ಒಬ್ಬ ಹುಡುಗಿಯನ್ನು ಹಾಕಿದ್ದಾರೆ. ಆಡಳಿತ ಮಂಡಳಿಯ ಕಾರ್ಯದರ್ಶಿಯೇ ಕಳಿಸಿದ್ದು, ತಾತ್ಕಾಲಿಕ. ಓದಿಕೊಂಡಿದ್ದಾಳೆ, ಬುದ್ಧಿಯಿದೆ, ಆದರೆ ಧ್ವನಿ ಎರಡನೆಯ ಬೆಂಚಿಗೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ. ಮಕ್ಕಳು ಆಗಲೇ ‘ಪಿಸುಮಾತು’ ಎಂದು ಹೆಸರಿಟ್ಟಾಗಿದೆ. ಮೈನಸ್ಸಿನಿಂದ ಮೈನಸ್ ಕಳೆಯುವಲ್ಲಿ ಗಾಡಿ ನಿಂತಿದೆ. “ಎರಡು ಮೈನಸ್ ಸೇರಿದ್ರೆ ಪ್ಲಸ್ ಯಾಕೆ ಮಿಸ್?” ಎಂದರೆ “ನಿಯಮ” ಎನ್ನುತ್ತಾಳೆ. ನಿನ್ನೆ ನೀರಿನ ಟ್ಯಾಂಕಿನ ಹಿಂದೆ ಮುಖ ತೊಳೆಯುತ್ತಿದ್ದಳು. ಮುಖ ತೊಳೆಯುವುದಕ್ಕೆ ಟ್ಯಾಂಕಿನ ಹಿಂದೆ ಯಾರೂ ಹೋಗುವುದಿಲ್ಲ.

ನೀನು ಅದನ್ನು ಹೇಗೆ ಹೇಳಿಕೊಡುತ್ತಿದ್ದೆ? ಪ್ರತಿ ವರ್ಷ ನಿನ್ನ ತರಗತಿಯಿಂದ ಆ ಪಾಠದ ವಾರ ಪೂರ್ತಿ ನಗು ಕೇಳಿಸುತ್ತಿತ್ತು, ಅಷ್ಟು ಮಾತ್ರ ನನಗೆ ಗೊತ್ತು. ಬರೆದು ಕಳಿಸು.

ಶ್ಲೇಷೆ


ಜುಲೈ ೧೭

ಶ್ಲೇಷೆ,

‘ಮಾನ್ಯರೇ’ ಬಿಟ್ಟೆನೆಂದು ಖುಷಿಪಡಬೇಡ. ಬೈಯಲು ಏಕವಚನ ಅನುಕೂಲ.

ಒಬ್ಬ ಹುಡುಗಿ ಬಂದಿದ್ದಾಳೆ. ನನ್ನ ತರಗತಿಯಲ್ಲಿ. ಸೀಟಿ ಮೇಷ್ಟ್ರು ಫೋನ್ ಮಾಡಿದ್ದರು (ಅವರದು ಎತ್ತುತ್ತೇನೆ, ಅವರು ತಮಾಷೆ ಹೇಳುವುದಿಲ್ಲ), ನನ್ನ ಮೇಜಿನ ಬದಿಯಲ್ಲೇ ಕೂರುತ್ತಾಳಂತೆ. ನೀನು ಅದನ್ನು ಬರೆಯಲಿಲ್ಲ. ಬರೆಯದೆ, ಈಗ ನನ್ನ ಪಾಠದ ಒಳಗುಟ್ಟನ್ನು ಮಾತ್ರ ಬರೆದು ಕಳಿಸು ಎನ್ನುತ್ತೀ. ರಸ ಹಿಂಡಿಕೊಂಡ ಮೇಲೆ ಸಿಪ್ಪೆಗೆ ಯಾವ ಕೆಲಸ? ಆಗಸ್ಟ್ ಕೊನೆಯ ಹೊತ್ತಿಗೆ ಪಿಸುಮಾತು ನನ್ನ ಹಾಗೇ ಪಾಠ ಮಾಡತೊಡಗಿದರೆ, ನನ್ನ ಹಾಗಿರುವವಳು ಒಬ್ಬಳು ಇದ್ದಾಳಲ್ಲ, ನಾನೇಕೆ?

ಇನ್ನೊಂದು. ನೀನು ಹೆಡ್ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ನನಗೆ ಹೇಳಲಿಲ್ಲ. ಹಳೆಯ ಹೆಡ್ ನಿವೃತ್ತರಾಗುವಾಗ, “ಆ ತಿರುಗೋ ಕುರ್ಚಿ ಯಾರಿಗೆ ಬೇಕೇ, ತಿರುಗಿ ತಿರುಗಿ ತಲೆಸುತ್ತು ಬರುತ್ತೆ” ಎಂದು ನನ್ನನ್ನು ಹೊಟ್ಟೆ ಹಿಡಿದು ನಗಿಸಿದವಳು ನೀನು. ನಾನು ನಗುತ್ತಿದ್ದಾಗ ನಿನ್ನ ಚೀಲದಲ್ಲಿ ಅರ್ಜಿ ಇತ್ತೇ?

ಟ್ಯಾಂಕಿನ ಹಿಂದೆ ಮುಖ ತೊಳೆದಳಂತೆ. ಆ ಸಾಲನ್ನು ನೀನು ಬೇಕೆಂದೇ ಬರೆದಿದ್ದೀ, ನನಗೆ ಗೊತ್ತು. ನನ್ನ ದೌರ್ಬಲ್ಯವೆಲ್ಲ ನಿನಗೆ ಬಾಯಿಪಾಠ. ನಾನೂ ಮೊದಲ ವರ್ಷ ಅದೇ ಟ್ಯಾಂಕಿನ ಹಿಂದೆ ತೊಳೆದವಳು, ಅಲ್ಲಿ ಕಂಡು “ನಲ್ಲಿ ಈ ಕಡೆ ಇದೆಯಲ್ಲ” ಎಂದವಳು ನೀನು.

ತಗೋ, ಬರೆದುಕೋ. ಅವಳಿಗೆ ಹೇಳು: ಬೋರ್ಡಿನ ಹತ್ತಿರ ಹೋಗುವುದೇ ಬೇಡ. ಒಬ್ಬಳನ್ನು ನಿಲ್ಲಿಸಿ ಅಪ್ಪಣೆ ಕೊಡಲಿ. “ಕುಣಿ” ಅಂದರೆ ಕುಣಿಯಬೇಕು, ಅದು ಪ್ಲಸ್. “ಕುಣಿಯಬೇಡ” ಅಂದರೆ ನಿಲ್ಲಬೇಕು, ಮೈನಸ್. “ಕುಣಿಯದೇ ಇರು”, ಅದೂ ಮೈನಸ್ಸೇ. ಆಮೇಲೆ ತಟ್ಟನೆ “ಕುಣಿಯದೇ ಇರಬೇಡ” ಅನ್ನಲಿ. ಮಗು ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಡುತ್ತದೆ, ಇಡೀ ತರಗತಿ ಕೂಗುತ್ತದೆ, ಅದು ಕುಣಿಯುತ್ತದೆ. ‘ಬೇಡ’ವನ್ನು ಬೇಡ ಅಂದರೆ ‘ಬೇಕು’. ಮೈನಸ್ ಮೂರನ್ನು ಕಳೆ ಅಂದರೂ ಅದೇ. ಹೊಟ್ಟೆತುಂಬ ನಕ್ಕ ಮೇಲೆ ಬೋರ್ಡಿಗೆ ಹೋಗಲಿ.

ಎಲ್ಲಿ ಕಲಿತೆ ಎಂದು ಕೇಳಬೇಡ. ನಮ್ಮಿಬ್ಬರ ತರಗತಿಯ ನಡುವೆ ಇರುವುದು ಅರ್ಧ ಇಟ್ಟಿಗೆಯ ಗೋಡೆ. ನಿನ್ನ ವ್ಯಾಕರಣದ ಪಾಠ ವರ್ಷಗಟ್ಟಲೆ ನನ್ನ ಕಿವಿಗೆ ಬಿದ್ದಿದೆ, ಅಲ್ಲಿಂದ ಕದ್ದದ್ದು. ಹಾಗೆ ನೋಡಿದರೆ ನಾನು ನಿನ್ನ ಎಷ್ಟೋ ಪಾಠ ಕೇಳಿದ್ದೇನೆ, ನೀನು ಒಂದಕ್ಕೂ ಹೆದರಲಿಲ್ಲ. ನನ್ನ ಕೈಯಲ್ಲಿ ಪೆನ್ನಿರಲಿಲ್ಲ ನೋಡು.

ಶೇಷ


ಜುಲೈ ೨೮

ಶೇಷಾ,

ಕುಣಿಸಿದಳು! ಮೊದಲು ನಿಂತಲ್ಲೇ ಬೆವರಿದಳು. ಆಮೇಲೆ ಒಬ್ಬ ತುಂಟ “ಮಿಸ್, ಮಿಸ್ ನೀವು ಕುಣಿಯದೇ ಇರಬೇಡಿ” ಎಂದ. ಇಡೀ ತರಗತಿ ಉಸಿರು ಬಿಗಿಹಿಡಿಯಿತು. ಪಿಸುಮಾತು ಒಂದು ಗಳಿಗೆ ಯೋಚಿಸಿ, ಮೇಜಿನ ಪಕ್ಕದಲ್ಲಿ ಎರಡು ಹೆಜ್ಜೆ ಹಾಕಿಯೇಬಿಟ್ಟಳು. ಆ ಗದ್ದಲಕ್ಕೆ ಸೀಟಿ ಮೇಷ್ಟ್ರು ಮೈದಾನದಿಂದ ಓಡಿ ಬಂದರು. ನಾನು ಒಳಗೆ ಕೂತಿರಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದೆ. ಪೆನ್ನು ಕೋಣೆಯಲ್ಲೇ ಇತ್ತು.

ಅವಳಿಗೆ ಇದು ಯಾರ ಪಾಠ ಎಂದು ಹೇಳಿದ್ದೇನೆ. “ಅವರು ಯಾವಾಗ ಬರ್ತಾರೆ ಮೇಡಂ?” ಎಂದಳು. ಕೇಳಿದ ಮೇಲೆ, ತಾನು ಕೇಳಿದ್ದು ಏನೆಂದು ಅವಳಿಗೇ ಹೊಳೆಯಿತು.

ಯಾಕೆಂದರೆ ಇರುವುದು ಒಂದೇ ಜಾಗ. ಕಾರ್ಯದರ್ಶಿ ಬಂದಿದ್ದರು. ಅವರು ಕೂತರೆ ನಾನು ನಿಲ್ಲಬೇಕೋ ಕೂರಬೇಕೋ ನನಗಿನ್ನೂ ತಿಳಿಯುವುದಿಲ್ಲ. ಅರ್ಧ ಎದ್ದು ಅರ್ಧ ಕೂತು ಮಾತಾಡಿದೆ. “ಈ ಹುಡುಗಿ ಪರವಾಗಿಲ್ಲ ಕಣ್ರೀ. ನಿಮ್ಮ ಹಳಬರು ಬರ್ತಾರೋ ಇಲ್ವೋ, ಆಗಸ್ಟ್ ಮುಗಿಯೋದ್ರೊಳಗೆ ನೀವೇ ಹೇಳಿಬಿಡಿ. ಬರದಿದ್ರೆ ಇವಳನ್ನೇ ಖಾಯಂ ಮಾಡೋಣ. ಬಂದ್ರೆ ಇವಳು ಹೊರಡಲಿ. ನಿಮಗೂ ಸಲೀಸು ಯಾವುದು ಯೋಚಿಸಿ” ಎಂದರು. ‘ನಿಮಗೂ ಸಲೀಸು’ ಎಂಬಲ್ಲಿ ಸ್ವಲ್ಪ ಒತ್ತಿದರು.

ಇನ್ನು ನಿನ್ನ ಪ್ರಶ್ನೆ. ಹೌದು, ಇತ್ತು. ಚೀಲದಲ್ಲೇ ಇತ್ತು. ಕುರ್ಚಿ ನನಗೆ ಬೇಕಿತ್ತು, ಬೇಡ ಬೇಡವೆಂದು ತಮಾಷೆ ಮಾಡುತ್ತಲೇ ಬೇಕಿತ್ತು. ಸಂದರ್ಶನದ ದಿನ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ರಜೆ ಹಾಕಿದ್ದೆ. ನೀನು ಹಲ್ಲು ನೋವು ಎಂದು ಹಾಕಿದ್ದೆ. ನೆನಪಾಯಿತೇ? ಒಳಗೆ ಹೋಗಿ ಕೂತದ್ದೇ ಕಾರ್ಯದರ್ಶಿ ಕೇಳಿದ ಮೊದಲ ಪ್ರಶ್ನೆ: “ಬೆಳಿಗ್ಗೆ ನಿಮ್ಮ ಲೆಕ್ಕದ ಟೀಚರ್ ಬಂದು ಹೋದ್ರು. ಅವರಿಗಿಂತ ನೀವು ಯಾವುದರಲ್ಲಿ ಹೆಚ್ಚು?”

ಹಲ್ಲೂ ಕಣ್ಣೂ ಒಂದೇ ಬಾಗಿಲಿನಿಂದ ಒಳಗೆ ಹೋಗಿ ಬಂದವು. ಮರುದಿನ ಅದೇ ಮೇಜಿನಲ್ಲಿ ಎದುರು ಬದುರು ಕೂತು, “ಹಲ್ಲು ಹೇಗಿದೆಯೇ?” ಎಂದು ನಾನು ಕೇಳಿದೆ. “ಪರವಾಗಿಲ್ಲ, ಕಣ್ಣು?” ಎಂದೆ ನೀನು. ನನಗೆ ಗೊತ್ತಿತ್ತು. ನಿನಗೆ ನನ್ನದು ಗೊತ್ತಿರಲಿಲ್ಲ. ಆವತ್ತು ಹೇಳಬಹುದಿತ್ತು. ನೀನೇ ಮೊದಲು ಹೇಳುತ್ತೀಯೋ ಎಂದು ಕಾದೆ.

ಎರಡು ಮೈನಸ್ಸಿನ ಪಾಠ ನಿನ್ನದೇ. ಅದರಲ್ಲೇ ಹೇಳುತ್ತೇನೆ: ಬರದೇ ಇರಬೇಡ.

ಶ್ಲೇಷೆ


ಆಗಸ್ಟ್ ೧೪

ಶೇಷಾ,

ಎರಡು ವಾರ ಕಳೆದರೂ ನಿನ್ನಿಂದ ಒಂದಕ್ಷರವಿಲ್ಲ. ಹಲ್ಲಿನ ಮಾತು ತೆಗೆಯಬಾರದಿತ್ತೇನೋ.

ಆದರೆ ಈಗ ನಾನು ಕೇಳುವ ಸರದಿ. ಸೀಟಿ ಮೇಷ್ಟ್ರ ಭಾವಮೈದ ನಿಮ್ಮಣ್ಣನ ಊರಿನಲ್ಲಿ ಬಸ್ಸು ಓಡಿಸುತ್ತಾನಂತೆ. ನೀನು ಅಲ್ಲಿನ ಯಾವುದೋ ಶಾಲೆಯ ಗೇಟಿನ ಹತ್ತಿರ ಇಳಿದೆಯಂತೆ. ಒಂದು ಸಲವಲ್ಲ. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಕಡತ. ಮುರಿದ ಕಾಲಿನ ಆರೈಕೆಗೆ ಹೋದವಳಿಗೆ ಶಾಲೆಯ ಗೇಟಿನಲ್ಲಿ ಏನು ಕೆಲಸ?

ಇಲ್ಲಿ ನಾನು ಕಾರ್ಯದರ್ಶಿಯನ್ನು “ಇನ್ನೂ ಸ್ವಲ್ಪ ದಿನ” ಎಂದು ತಳ್ಳುತ್ತಿದ್ದೇನೆ. ಅವರು ನನ್ನನ್ನೇ ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ. ಆ ಹುಡುಗಿ ದಿನಾ ಬೆಳಿಗ್ಗೆ ನನ್ನ ಮುಖದಲ್ಲಿ ಏನೋ ಓದಲು ಪ್ರಯತ್ನಿಸುತ್ತಾಳೆ. ನೀನು ಅಲ್ಲಿ ಬೇರೆ ಕುರ್ಚಿ ನೋಡಿಕೊಂಡಿದ್ದರೆ ನಾನು ಯಾರಿಗೋಸ್ಕರ ತಳ್ಳುತ್ತಿದ್ದೇನೆ? ಹೋಗುವುದಾದರೆ ಹೋಗುತ್ತೇನೆಂದು ಹೇಳಿ ಹೋಗು. ಹೆಡ್ ಆದವಳನ್ನು ಹೆಡ್ಡಿ ಮಾಡಬೇಡ.

ಇಂತಿ,
ಮುಖ್ಯೋಪಾಧ್ಯಾಯಿನಿ
(ಸಿಟ್ಟು ಬಂದಾಗ ನನಗೂ ಈ ಪದ ಬರೆಯಲು ಬರುತ್ತದೆ)


ಆಗಸ್ಟ್ ೨೦

ಶ್ಲೇಷೆ,

ಹೋಗಿದ್ದೆ. ಮೂರು ಸಲ ಹೋಗಿದ್ದೆ. ಆ ಶಾಲೆಯವರಿಗೆ ಲೆಕ್ಕಕ್ಕೆ ಜನ ಬೇಕು. ಪಾಠ ಮಾಡಿಸಿ ನೋಡಿದರು, ಮೆಚ್ಚಿದರು, ಬನ್ನಿ ಅಂದರು. ತಿಂಗಳ ಕೊನೆಯೊಳಗೆ ಹೇಳುತ್ತೇನೆ ಅಂದಿದ್ದೇನೆ. ಸೀಟಿ ಮೇಷ್ಟ್ರಿಗೆ ಈ ಭಾವಮೈದನನ್ನು ಯಾರು ದಯಪಾಲಿಸಿದರೋ! ನಿನ್ನ ಸುದ್ದಿ ನನಗೆ, ನನ್ನದು ನಿನಗೆ. ಎರಡೂ ಕಡೆಯಿಂದ ಊದಬಹುದಾದ ಸೀಟಿ.

ನಿನ್ನ ಜುಲೈ ಕೊನೆಯ ಕಾಗದ ಓದಿ ಎರಡು ದಿನ ಅತ್ತಿಗೆಯ ಮೇಲೆ ರೇಗಾಡಿದೆ. “ನಂದು ಕಾಲಷ್ಟೇ ಮುರಿದಿದೆ ಕಣಮ್ಮ, ನಿಂದು ಏನು ಮುರಿದಿದೆ?” ಎಂದರು. ನನ್ನ ಹಲ್ಲು ನೋವಿನ ಸುಳ್ಳು ನಿನಗೆ ಇಷ್ಟು ತಿಂಗಳು ಗೊತ್ತಿತ್ತು! ದಿನಾ ಎದುರಿಗೆ ಕೂತು, ಗಟ್ಟಿ ತಿಂಡಿ ಕಂಡರೆ “ನಿನ್ನ ಹಲ್ಲಿಗಾಗುತ್ತಾ, ನೋಡು” ಎಂದು ಕಾಳಜಿ ಮಾಡುತ್ತಿದ್ದೆಯಲ್ಲ, ಪಾಪಿ!

ಅವರಿಗಿಂತ ನೀವು ಯಾವುದರಲ್ಲಿ ಹೆಚ್ಚು ಎಂದು ಕೇಳಿದಾಗ ನೀನು ಏನು ಹೇಳಿದೆ? ಪ್ರಶ್ನೆ ಬರೆದೆ, ಉತ್ತರ ಬರೆಯಲಿಲ್ಲ. ಆ ಉತ್ತರದ ಮೇಲೆ ಕುರ್ಚಿ ನಿನಗೆ ಬಂದದ್ದು.

ಈಗ ಮುಖ್ಯ ಮಾತು. ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಮೊದಲಿನಿಂದ ಓದಿದೆ. ‘ಹಾಜರಾಗತಕ್ಕದ್ದು’ ಇದೆ. ‘ಬರ್ತಾರೋ ಇಲ್ವೋ’ ಇದೆ, ಅದು ಕಾರ್ಯದರ್ಶಿಯದು. ‘ಯಾವಾಗ ಬರ್ತಾರೆ’ ಇದೆ, ಅದು ಹುಡುಗಿಯದು. ‘ಬರದೇ ಇರಬೇಡ’ ಇದೆ. ನಿನ್ನ ಬಾಯಿಂದ ನೇರವಾಗಿ ಕರೆದದ್ದು ಎಲ್ಲೂ ಇಲ್ಲ.

‘ಬರದೇ ಇರಬೇಡ’ ಅಂದರೆ ‘ಬಾ’ ಅಂತಲೇ ಅಲ್ಲವೇ ಎನ್ನುತ್ತೀ. ಲೆಕ್ಕದಲ್ಲಿ ಹೌದು. ಏಳನೇ ತರಗತಿಗೆ ನಾನೇ ಹಾಗೆ ಹೇಳಿಕೊಟ್ಟೆ. ಮಾತಿನಲ್ಲಿ ಅಲ್ಲ, ಭಾಷೆ ಟೀಚರಿಗೆ ಲೆಕ್ಕದವಳು ಇದನ್ನು ಹೇಳಬೇಕಾಯಿತು. ‘ಬರದೇ ಇರಬೇಡ’ ಅನ್ನುವವರು ನೆಂಟರು. ಬಂದರೆ ಸರಿ, ಬರದಿದ್ದರೆ ತಪ್ಪು ನನ್ನದು. ‘ಬಾ’ ಅಂದರೆ ಅಂದವಳದೂ ಒಂದು ಪಾಲಿರುತ್ತದೆ. ಹುಡುಗಿಗೆ ಹೊರಡು ಅನ್ನಬೇಕಾಗುತ್ತದೆ. ಕಾರ್ಯದರ್ಶಿಯ ಮುಖ ನೋಡಬೇಕಾಗುತ್ತದೆ. ಅದಕ್ಕೇ ನೀನು ಎರಡು ಮೈನಸ್ಸಿನ ಹಿಂದೆ ಬಚ್ಚಿಟ್ಟುಕೊಂಡಿದ್ದೀ. ನಾನೇ ಬರುವುದಿಲ್ಲವೆಂದು ಬರೆದುಕೊಟ್ಟುಬಿಟ್ಟರೆ ನಿನಗೆ ಯಾರಿಗೂ ಏನೂ ಹೇಳುವ ಪ್ರಮೇಯವೇ ಇಲ್ಲ. ಅದೇ ಬೇಕಿತ್ತೇ ನಿನಗೆ?

ಶೇಷ


ಆಗಸ್ಟ್ ೨೪

ಬಾ.

ಶ್ಲೇಷೆ


ಆಗಸ್ಟ್ ೨೯

ಶ್ಲೇಷೆ,

ಲಕೋಟೆ ಒಡೆದಾಗ ಕಾಗದ ಖಾಲಿಯೆಂದುಕೊಂಡೆ. ಬೆಳಕಿಗೆ ಹಿಡಿದೆ, ಹಿಂದೆ ತಿರುವಿದೆ, ಲಕೋಟೆಯೊಳಗೆ ಬೆರಳು ಹಾಕಿ ಹುಡುಕಿದೆ. ಒಂದಕ್ಷರಕ್ಕೆ ಇಷ್ಟು ದೊಡ್ಡ ಹಾಳೆ! ಇದರಲ್ಲೂ ಎರಡರ್ಥ ಇದೆಯೇ ಎಂದು ನೋಡಿದೆ. ಸಿಗಲಿಲ್ಲ. ನಿನ್ನ ಬರಹದಲ್ಲಿ ಒಂದೇ ಅರ್ಥವಿರುವ ಮಾತು ಇದೇ ಮೊದಲಿರಬೇಕು, ಅದಕ್ಕೇ ಅನುಮಾನ ಹೆಚ್ಚಾಯಿತು. ಕೂಡಲೇ ಸೀಟಿ ಮೇಷ್ಟ್ರಿಗೆ ಫೋನ್ ಮಾಡಿದೆ.

“ಅಯ್ಯೋ ಟೀಚರೇ, ನಿಮಗೆ ಗೊತ್ತಿಲ್ವಾ?” ಎಂದರು. ಕಾಗದ ಅಂಚೆಗೆ ಹಾಕುವ ಮೊದಲೇ ನೀನು ಪಿಸುಮಾತನ್ನು ಕೋಣೆಗೆ ಕರೆಸಿದೆಯಂತೆ. ತಿರುಗುವ ಕುರ್ಚಿ ಬಿಟ್ಟು ಅವಳ ಪಕ್ಕ ಬಂದು ಕೂತೆಯಂತೆ. ನೀನೇ ಬಾಯಿಬಿಟ್ಟು ಹೇಳಿದೆಯಂತೆ, ಈ ತಿಂಗಳಿಗೆ ಮುಗಿಯಿತು ಎಂದು. ಅವಳು ಅತ್ತಳಂತೆ. ಟ್ಯಾಂಕಿನ ಹಿಂದೆ ಹೋಗದೆ ಅಲ್ಲೇ ಅತ್ತಳಂತೆ. ಆಮೇಲೆ ನೀನು ಕಾರ್ಯದರ್ಶಿಗೆ ಫೋನಿನಲ್ಲಿ, “ಸಲೀಸು ಯಾವುದು ಅಂತ ಯೋಚಿಸಿದೆ ಸರ್. ಸಲೀಸಲ್ಲದ್ದೇ ಮಾಡ್ತೀನಿ” ಎಂದೆಯಂತೆ. ಇದನ್ನೆಲ್ಲ ಅವರು ಹೇಗೆ ಕೇಳಿಸಿಕೊಂಡರು ಎಂದು ನಾನು ಕೇಳಲಿಲ್ಲ. ಗಾಜಿನ ಬಾಗಿಲಿಗೆ ಒಂದು ಪರದೆ ಹಾಕಿಸು.

ನನಗೆ ಬನ್ನಿ ಅಂದ ಆ ಶಾಲೆಗೆ ನಿನ್ನೆ ಹೋಗಿ, ನಾನು ಬರುವುದಿಲ್ಲವೆಂದೆ. “ನಮಗೆ ಯಾರಾದರೂ ಬೇಕೇ ಬೇಕಲ್ಲ” ಎಂದರು. ಒಬ್ಬಳಿದ್ದಾಳೆ, ಧ್ವನಿ ಸಣ್ಣದು, ಮಕ್ಕಳೆದುರು ಕುಣಿಯುವಷ್ಟು ಧೈರ್ಯವಿದೆ ಎಂದೆ. ಕಳಿಸಿ ನೋಡೋಣ ಎಂದಿದ್ದಾರೆ, ಅಷ್ಟೇ. ಸಿಕ್ಕೇ ಸಿಗುತ್ತದೆಂದು ಅವಳಿಗೆ ಆಸೆ ಹುಟ್ಟಿಸಬೇಡ. ಅವಳಿಗೆ ಈ ಊರು ಬೇಕೋ ಬೇಡವೋ ಅದನ್ನೂ ಅವಳನ್ನೇ ಕೇಳು, ನೀನೇ ತೀರ್ಮಾನಿಸಿಬಿಡಬೇಡ.

ನಿನ್ನನ್ನು ಪೂರ್ತಿ ನಂಬಿದ್ದೇನೆಂದು ತಿಳಿಯಬೇಡ. ಸಂದರ್ಶನದಲ್ಲಿ ಏನು ಉತ್ತರ ಕೊಟ್ಟೆ ಎಂಬುದನ್ನು ಈಗಲೂ ನುಂಗಿಕೊಂಡಿದ್ದೀ. ನುಂಗಿಕೋ. ಹೇಳಿದರೂ ಅದು ನಿಜವೇ ಎಂದು ಕೂತು ಯೋಚಿಸುತ್ತೇನೆ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತ ಇಬ್ಬರ ನಡುವೆ ಅಷ್ಟು ಅನುಮಾನ ಉಳಿಯಲಿ, ನನ್ನ ಹೆಸರಿಗಾದರೂ ಅರ್ಥ ಬೇಕಲ್ಲ.

ಅತ್ತಿಗೆಯ ಪ್ಲಾಸ್ಟರು ತೆಗೆದರು. ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದು, “ಇನ್ನು ನೀನು ಹೊರಡಮ್ಮ, ನಿನ್ನ ಹೆಡ್ಡು ಕಾಯ್ತಿರಬೇಕು” ಎಂದರು. ಅದು ಕರುಣೆಯೋ, ಓಡಿಸುವ ಉಪಾಯವೋ ತಿಳಿಯಲಿಲ್ಲ. ಎರಡು ತಿಂಗಳಲ್ಲಿ ನನ್ನ ಕಿವಿ ಪೂರ್ತಿ ಕೆಟ್ಟುಹೋಗಿದೆ.

ಸೋಮವಾರ ಎರಡನೆಯ ಪಿರಿಯಡ್ಡು ನನಗೆ ಏಳನೇ ತರಗತಿ. ನೀನೂ ಒಳಗೆ ಬಾ, ಆ ಹುಡುಗಿ ಹೊರಡುವ ಮೊದಲು ಅವಳನ್ನೂ ಕರೆದುಕೊಂಡು ಬಾ. ಕುರ್ಚಿ ಹಾಕಿಸಿಕೊಳ್ಳಬೇಡ, ಮಕ್ಕಳ ನಡುವೆ ಬೆಂಚಿನ ಮೇಲೆ ಕೂತುಕೋ. ಮಂಡಿ ಡೆಸ್ಕಿಗೆ ತಗುಲುತ್ತದೆ, ತಗುಲಲಿ. ನಾನು ತಪ್ಪು ಬರೆದರೂ ಬರೆದೇನು. ತಪ್ಪು ಕಂಡರೆ ಎಲ್ಲರ ಹಾಗೆ ಕೈ ಎತ್ತು. ನಾನು ತಿರುಗಿ ನೋಡಿ “ಹ್ಞಾಂ, ಹೇಳಮ್ಮ” ಅನ್ನುವವರೆಗೆ ಬಾಯಿ ಬಿಡಬೇಡ.

ಶೇಷ